‘ಬಾಡಿಗೆಯಲ್ಲೇ ಕಂತು ಹೋಗುತ್ತಲ್ವಾ ಅಕ್ಕಾ?’

ಹೋಗಲ್ಲ. ಇಂಗ್ಲೆಂಡಿನಲ್ಲಿ ನಾನು ಬಾಡಿಗೆಗೆ ಕೊಡಲು ಸಾಲ ಮಾಡಿ ಒಂದು ಮನೆ ತಗೊಂಡಿದ್ದು 2021ರಲ್ಲಿ. ಆಗಿನಿಂದ ನಮ್ಮವರು ನಾಲ್ಕು ಜನ ಸೇರಿದ ಕಡೆಯೆಲ್ಲ ಇದೇ ಪ್ರಶ್ನೆ. ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ.

ಕಳೆದ ಯುಗಾದಿ ಊಟದಲ್ಲಿ ಪಕ್ಕದಲ್ಲಿ ಕೂತ ಹುಡುಗ ಒಬ್ಬಟ್ಟು ಮುರಿಯುವ ಮೊದಲೇ ಶುರು ಮಾಡಿದ. ಒಳ್ಳೆಯ ಸಂಬಳ ಇದೆ. 2 ಲಕ್ಷ ಪೌಂಡಿನ ಮನೆ, ಒಂದೂವರೆ ಲಕ್ಷ ಸಾಲ. ಎರಡು ವರ್ಷಕ್ಕೆ 4.5% ಬಡ್ಡಿ, ಅಸಲು ಕೊನೆಗೆ. ‘ತಿಂಗಳಿಗೆ ಬಡ್ಡಿ 560, ಬಾಡಿಗೆ 900. ಇನ್ನೂ 340 ಉಳಿಯುತ್ತೆ. ಆದ್ರೂ ಬ್ಯಾಂಕಿನವರು ಆಗಲ್ಲ ಅಂತಾರೆ, ಅನ್ಯಾಯ ಅಲ್ವಾ?’

ಅನ್ಯಾಯ ಅಲ್ಲ ಕಣಪ್ಪಾ. ತುಪ್ಪದ ಕೈ ಒರೆಸಿಕೊಂಡು ಪೇಪರ್ ಕರವಸ್ತ್ರದ ಮೇಲೆ ಬರೆದು ತೋರಿಸಿದೆ. ಬಾಡಿಗೆಗೆ ಕೊಡುವ ಮನೆಯ ಸಾಲಕ್ಕೆ ಬ್ಯಾಂಕು ಮೊದಲು ನೋಡುವುದು ಬಾಡಿಗೆಯನ್ನು, ಸಂಬಳವನ್ನಲ್ಲ. ಆ ಬಾಡಿಗೆಯನ್ನೂ ನೀನು ಹೇಳಿದರೆ ಆಗಲ್ಲ, ಬೆಲೆ ಕಟ್ಟಲು ಬರುವವನು ಹೇಳಬೇಕು. ಐದು ವರ್ಷಕ್ಕಿಂತ ಕಡಿಮೆ ಅವಧಿಗೆ ಬಡ್ಡಿ ನಿಗದಿಯಾಗಿದ್ದರೆ ಸಾಮಾನ್ಯವಾಗಿ ಅದಕ್ಕೆ 2 ಸೇರಿಸಿ ನೋಡುತ್ತಾರೆ. 5.5%ಗಿಂತ ಕೆಳಗೆ ಇಳಿಸುವಂತಿಲ್ಲ. 2017ರ ಜನವರಿಯಿಂದ ಹೀಗೇ. ನಿನ್ನ ಲೆಕ್ಕ 6.5% ಆಯಿತು. ನಿನ್ನ ಹಾಗೆ ಹೆಚ್ಚು ತೆರಿಗೆ ಕಟ್ಟುವವರಿಗೆ ಸಾಮಾನ್ಯವಾಗಿ ಆ ಬಡ್ಡಿಯ 145% ಬಾಡಿಗೆ ಬರಬೇಕು, ಅಂದರೆ ತಿಂಗಳಿಗೆ 1,178 ಪೌಂಡ್. ನಿನ್ನ 900ಕ್ಕೆ ಸಿಗುವ ಸಾಲ 1 ಲಕ್ಷ 14 ಸಾವಿರದ ಆಸುಪಾಸು. ಕಡಿಮೆ ತೆರಿಗೆ ಕಟ್ಟುವವರಿಗೆ 125% ಸಾಕು. ಐದು ವರ್ಷಕ್ಕೆ ಬಡ್ಡಿ ನಿಗದಿ ಮಾಡಿಕೋ, ಕೆಲವರು ಆ 2 ಸೇರಿಸದೇ ನೋಡುತ್ತಾರೆ.

‘ಅಷ್ಟೊಂದು ಯಾಕೆ?’ ಅಂದ. ‘ನಿಮಗೆ ಬಡ್ಡಿ ಏರಿದಾಗ ಏನಾಯಿತು’ ಅಂತ ಒಬ್ಬರಾದರೂ ಕೇಳಬಾರದಾ? ನಾನು ಹೇಳಬೇಕಾದದ್ದು ಅದು.

ನನ್ನ ಸಾಲ 1 ಲಕ್ಷ 20 ಸಾವಿರ. ಎರಡು ವರ್ಷಕ್ಕೆ ಬಡ್ಡಿ 1.9%, ತಿಂಗಳಿಗೆ 190 ಪೌಂಡ್. ಬ್ಯಾಂಕಿನವರು 5.5%ಗೆ ಲೆಕ್ಕ ಹಾಕಿದಾಗ ನನಗೂ ಸಿಟ್ಟು ಬಂದಿತ್ತು. ಅಷ್ಟು ಎಲ್ಲಿ ಏರುತ್ತೆ ಅಂದುಕೊಂಡಿದ್ದೆ. 2023ರಲ್ಲಿ ಎರಡು ವರ್ಷ ಮುಗಿದಾಗ ಹೊಸ ಬಡ್ಡಿ 5.6%. ತಿಂಗಳಿಗೆ 560. ಬಾಡಿಗೆ 820. ಅದರಲ್ಲಿ ಏಜೆಂಟಿಗೆ 82. ನಾನು 40% ತೆರಿಗೆಯವಳು. 2020ರ ಏಪ್ರಿಲಿನಿಂದ ಬಡ್ಡಿಯನ್ನು ಖರ್ಚು ಅಂತ ಕಳೆಯುವ ಹಾಗಿಲ್ಲ, ಅದರ 20% ಮಾತ್ರ ತೆರಿಗೆಯಲ್ಲಿ ಬಿಡುತ್ತಾರೆ. ಹಾಗಾಗಿ ತೆರಿಗೆ ತಿಂಗಳಿಗೆ 183. ಕೂಡಿ ನೋಡಿ. ತಿಂಗಳಿಗೆ 5 ಪೌಂಡ್ ಕೈಯಿಂದಲೇ ಹಾಕಬೇಕು.

ಆ ಚಳಿಗಾಲದಲ್ಲೇ ಮನೆ ಬೆಚ್ಚಗಿಡುವ ಬಾಯ್ಲರ್ ಕೆಟ್ಟಿತು. ಬಾಡಿಗೆಗಿದ್ದವರಿಗೆ ಒಂಬತ್ತು ತಿಂಗಳ ಮಗು. ಮಗುವಿಗೆ ಎರಡು ಸ್ವೆಟರ್ ಹಾಕಿ ಕಂಬಳಿ ಸುತ್ತಿದ ಫೋಟೋ ಕಳಿಸಿದ್ದರು. ಮಾರನೇ ದಿನವೇ ಹೊಸದು ಹಾಕಿಸಿದೆ. ಆ ದುಡ್ಡು ಹೋದದ್ದು ನನ್ನ ಸಂಬಳದಿಂದ.