ಬರೆದ ಮೇಲೆ ಕಂಡ ಕಿನ್ನೌರ್

ಕನ್ನಡ ವಿಕಿಪೀಡಿಯಕ್ಕೆ ಹಿಮಾಚಲ ಪ್ರದೇಶದ ಕಿನ್ನೌರ್ ಜಿಲ್ಲೆಯ ಲೇಖನ ಬರೆದಾಗ ನಾನು ಆ ನೆಲವನ್ನು ಕಂಡಿರಲಿಲ್ಲ. ಮೈಸೂರಿನ ಮನೆಯಲ್ಲಿ ಕುಳಿತು ಎರಡು ರಾತ್ರಿಗಳಲ್ಲಿ ಬರೆದು ಮುಗಿಸಿದ್ದೆ. ವಿಸ್ತೀರ್ಣ 6,401 ಚದರ ಕಿಲೋಮೀಟರ್, 2011ರ ಜನಗಣತಿಯಂತೆ ಜನಸಂಖ್ಯೆ 84,121, ಜಿಲ್ಲಾ ಕೇಂದ್ರ ರಿಕಾಂಗ್ ಪಿಯೋ. ಅಂಕಿಗಳೆಲ್ಲ ಸರಿಯಾಗಿದ್ದವು. ಉಳಿದ ಜಾಗವನ್ನೆಲ್ಲ ಪುರಾಣದ ಕಿನ್ನರರಿಗೆ ಕೊಟ್ಟಿದ್ದೆ. ಯಕ್ಷ, ಗಂಧರ್ವ, ಕಿನ್ನರ ಎಂದು ಕೇಳುತ್ತಲೇ ಬೆಳೆದ ಕಿವಿಗೆ ಆ ಹೆಸರು ಅಷ್ಟು ಹಿತವಾಗಿತ್ತು. ಸೇಬು ಬೆಳೆಯುವವರಿಗೆ ಸಿಕ್ಕಿದ್ದು ಒಂದು ಸಾಲು. ಅವರು ಆಡುವ ಮಾತಿಗೆ ಅದೂ ಇರಲಿಲ್ಲ. ಇದನ್ನು ತಿದ್ದಬೇಕೆಂದೇ ಸೆಪ್ಟೆಂಬರ್ ಕೊನೆಯ ವಾರದಲ್ಲಿ ಶಿಮ್ಲಾದಲ್ಲಿ ಬಸ್ ಹತ್ತಿದೆ.

ಪಿಯೋ ತಲುಪಲು ಸುಮಾರು ಹತ್ತು ಗಂಟೆ ಬೇಕು. ರಾಮಪುರ ದಾಟಿದ ಮೇಲೆ ಸಟ್ಲೆಜ್ ನದಿ ಕೆಳಗೆ ಇಳಿಯುತ್ತಾ ಹೋಗುತ್ತದೆ, ರಸ್ತೆ ಬಂಡೆಯ ಹೊಟ್ಟೆಯೊಳಗೆ ಸೇರಿಕೊಳ್ಳುತ್ತದೆ. ತರಂಡಾದ ಬಳಿ ಬೆಟ್ಟವನ್ನು ಕೊರೆದು ದಾರಿ ಮಾಡಿದ್ದಾರೆ. ಬಂಡೆಯೇ ತಲೆಯ ಮೇಲಿನ ಸೂರು. ಅಲ್ಲಿನ ದೇವಿಯ ಗುಡಿಯ ಮುಂದೆ ಚಾಲಕ ಬಸ್ ನಿಲ್ಲಿಸಿ ಕೈಮುಗಿದು ಬಂದ. ನಿಗುಲ್ಸರಿಯಲ್ಲಿ ಬಸ್ಸಿನೊಳಗಿನ ಮಾತು ತಾನಾಗಿ ನಿಂತಿತು. 2021ರ ಆಗಸ್ಟ್ 11ರಂದು ಇಲ್ಲಿ ಗುಡ್ಡ ಕುಸಿದು, ಸಾಗುತ್ತಿದ್ದ ಬಸ್ಸು ಮತ್ತು ಇತರ ವಾಹನಗಳ ಮೇಲೆ ಬಿದ್ದು 28 ಜನ ಸತ್ತರು. ನನ್ನ ಲೇಖನದಲ್ಲಿ 'ಸಾರಿಗೆ' ಎಂಬ ವಿಭಾಗವಿತ್ತು, ಹೆದ್ದಾರಿಯ ಸಂಖ್ಯೆಯೂ ಇತ್ತು. ಈ ರಸ್ತೆಯನ್ನು ನಂಬಿಕೊಂಡು ಬದುಕುವುದು ಎಂದರೇನು ಎಂಬುದರ ಸುಳಿವೂ ಅಲ್ಲಿರಲಿಲ್ಲ. ಮುಂದೆ ಕರ್ಛಮ್ ಅಣೆಕಟ್ಟು ಕಂಡಿತು. ಕಣಿವೆಯ ಕೆಳಗಿನ ನಾಥ್ಪಾ ಝಾಕ್ರಿ ಯೋಜನೆಯೊಂದೇ 1,500 ಮೆಗಾವಾಟ್ ವಿದ್ಯುತ್ ಕೊಡುತ್ತದೆ. ಇನ್ನಷ್ಟು ಜಲವಿದ್ಯುತ್ ಯೋಜನೆಗಳು ಬೇಡವೆಂದು 'ನೋ ಮೀನ್ಸ್ ನೋ' ಎಂಬ ಘೋಷಣೆಯೊಂದಿಗೆ ನಿಂತವರು ಇದೇ ಜಿಲ್ಲೆಯ ಯುವಕರು. ಮೆಗಾವಾಟ್ ಬರೆದಿದ್ದ ನಾನು ಅವರನ್ನು ಬಿಟ್ಟಿದ್ದೆ.

ಪಿಯೋದಿಂದ ಮೇಲಕ್ಕೆ, ಕಲ್ಪಾದಲ್ಲಿ ಐದು ದಿನ ಇದ್ದೆ. ಊರಿನ ಹಳೆಯ ಹೆಸರು ಚಿನಿ. ಎದುರಿಗೇ ಕಿನ್ನರ ಕೈಲಾಸದ ಶಿಖರಗಳ ಸಾಲು. ಸ್ವತಂತ್ರ ಭಾರತದ ಮೊದಲ ಮತದಾರರೆಂದು ಹೆಸರಾದ ಶ್ಯಾಮ್ ಸರನ್ ನೇಗಿ ಈ ಊರಿನವರು, ಶಾಲಾ ಮೇಷ್ಟ್ರು. ಚಳಿಗಾಲದಲ್ಲಿ ಹಿಮ ದಾರಿ ಮುಚ್ಚುತ್ತದೆಂದು ಇಲ್ಲಿ ಬೇರೆಡೆಗಿಂತ ತಿಂಗಳುಗಳ ಮೊದಲೇ, 1951ರ ಅಕ್ಟೋಬರ್ 25ರಂದು ಮತದಾನ ನಡೆದಿತ್ತು. 2022ರ ನವೆಂಬರ್‌ನಲ್ಲಿ ತೀರಿಕೊಳ್ಳುವ ಮೂರು ದಿನ ಮೊದಲೂ ಅವರು ಮತ ಹಾಕಿದ್ದರು.

ನಾನು ಹೋದದ್ದು ನ್ಯೋಜಾ ಇಳಿಸುವ ಕಾಲದಲ್ಲಿ. ನಾವು ಚಿಲ್ಗೋಜಾ ಎಂದು ದುಬಾರಿ ಬೆಲೆ ಕೊಟ್ಟು ಕೊಳ್ಳುವ ಪೈನ್ ಬೀಜಕ್ಕೆ ಅಲ್ಲಿ ನ್ಯೋಜಾ ಎನ್ನುತ್ತಾರೆ. ಆ ಮರದ ತೊಗಟೆಯನ್ನು ನೋಡಿಯೇ ಗುರುತಿಸಬಹುದು: ಚಕ್ಕೆ ಚಕ್ಕೆಯಾಗಿ ಸುಲಿದು, ಬೂದಿ ಬಣ್ಣದ ನಡುವೆ ತಿಳಿಹಸಿರು ಮಚ್ಚೆಗಳು. ಕಾಯಿ ಬಿರಿದು ಬೀಜ ಉದುರುವ ಮೊದಲೇ ಮರ ಹತ್ತಿ, ಕೊಕ್ಕೆ ಕಟ್ಟಿದ ಕೋಲಿನಿಂದ ಎಳೆದು ಕೆಡವಬೇಕು. ಹೀಗೆ ಎಲ್ಲ ಕಾಯಿಯೂ ಮನೆ ಸೇರುವುದರಿಂದ ಕಾಡಿನಲ್ಲಿ ಹೊಸ ಸಸಿ ಹುಟ್ಟುವುದು ಕಡಿಮೆಯಾಗಿದೆ. ಒಂದು ಮನೆಯ ಜಗಲಿಯಲ್ಲಿ ಹಸಿರು ಟೋಪಿಯ ಅಜ್ಜಿಯೊಬ್ಬರು ಬಿರಿದ ಕಾಯಿಗಳನ್ನು ಕಲ್ಲಿಗೆ ಬಡಿದು ಬೀಜ ಉದುರಿಸುತ್ತಿದ್ದರು. ಬೆರಳುಗಳೆಲ್ಲ ಅಂಟಿನಿಂದ ಕಪ್ಪಾಗಿದ್ದವು. ಫೋಟೋ ತೆಗೆಯಲೇ ಎಂದು ಕೇಳಿದೆ. "ಕೈಯದು ತೆಗೆದುಕೋ ಬೇಟಾ, ಮುಖ ಬೇಡ" ಎಂದರು. ಹಾಗೇ ಮಾಡಿದೆ.

"ಅಮ್ಮಾಜೀ, ನಿಮಗೆ ವಯಸ್ಸೆಷ್ಟು?" ಎಂದು ಕೇಳಿದಾಗ ಅವರು ತಮ್ಮ ಮಾತಿನಲ್ಲಿ ಏನೋ ಹೇಳಿದರು. ಮೊಮ್ಮಗ ಹಿಂದಿಯಲ್ಲಿ ತಿಳಿಸಿದ: ನಾಲ್ಕು ಇಪ್ಪತ್ತು, ಮೇಲೆ ಮೂರು. ಅವರ ಎಣಿಕೆಯೇ ಹಾಗೆ. ನಲವತ್ತೆಂದರೆ ಎರಡು ಇಪ್ಪತ್ತು, ಅರವತ್ತೆಂದರೆ ಮೂರು ಇಪ್ಪತ್ತು. ಮೊಮ್ಮಗ ಮಾತ್ರ ಹಿಂದಿಯಲ್ಲೇ ಎಣಿಸುತ್ತಾನಂತೆ. ಅಲ್ಲೇ ಮೆಟ್ಟಿಲ ಮೇಲೆ ಕುಳಿತು ನೂರರವರೆಗೂ ಹೇಳಿಸಿಕೊಂಡೆ. ತಪ್ಪಿದಾಗಲೆಲ್ಲ ಅಜ್ಜಿ ಕೈಯಲ್ಲಿದ್ದ ಕಾಯಿಯನ್ನು ಕಲ್ಲಿಗೆ ಕುಟ್ಟಿ ನನ್ನನ್ನು ನಿಲ್ಲಿಸುತ್ತಿದ್ದರು.

ಅಲ್ಲಿಂದ ಜಿಲ್ಲೆಯ ಇನ್ನೊಂದು ತುದಿಯ ನಾಕೋ ಹಳ್ಳಿಗೆ ಹೋದೆ. ಜಿಲ್ಲೆಯ ಕೆಳಭಾಗದ ನಿಚಾರ್ ಕಡೆ ದೇವದಾರು ಕಾಡು ಮತ್ತು ಇಳಿಜಾರು ಮಾಡುಗಳಿದ್ದರೆ, ಪೂಹ್ ದಾಟಿ ಸ್ಪಿತಿ ನದಿ ಸಟ್ಲೆಜ್ ಸೇರುವ ಖಾಬ್‌ಗೆ ಬರುವ ಹೊತ್ತಿಗೆ ಹಸಿರೇ ಇಲ್ಲ. ಮಳೆನೆರಳಿನ ಬೋಳು ಬೆಟ್ಟಗಳು. ಮೇಲಿನ ನಾಕೋದಲ್ಲಿ ಮಣ್ಣಿನ ಚಪ್ಪಟೆ ಮಾಳಿಗೆಗಳು, ಕೆರೆ, ಬೌದ್ಧ ವಿಹಾರ. ಆಗುಂಬೆಯಿಂದ ಚಿತ್ರದುರ್ಗಕ್ಕೆ ಹೋದಷ್ಟು ವ್ಯತ್ಯಾಸ ಒಂದೇ ಜಿಲ್ಲೆಯೊಳಗೆ. ನಾನು 'ಹವಾಮಾನ' ವಿಭಾಗವನ್ನು ಒಂದೇ ವಾಕ್ಯದಲ್ಲಿ ಮುಗಿಸಿದ್ದೆ. ಆ ವಾಕ್ಯವನ್ನು ಅಲ್ಲೇ ಕುಳಿತು ಮೊಬೈಲಿನಲ್ಲಿ ಅಳಿಸಿದೆ.

ಅಜ್ಜಿಯ ಎಣಿಕೆಯನ್ನು ಹಾಗೇ ಸೇರಿಸುವಂತಿರಲಿಲ್ಲ. ಬರೆಯುವವರು ಕಿವಿಯಾರೆ ಕೇಳಿದ್ದು ವಿಕಿಪೀಡಿಯದಲ್ಲಿ ಆಧಾರವಲ್ಲ, ಅಚ್ಚಾದದ್ದು ಬೇಕು. ಈ ನಿಯಮ ಬರವಣಿಗೆ ಕಡಿಮೆಯಿರುವ ಭಾಷೆಗಳಿಗೆ ಎಷ್ಟು ಭಾರವೆಂದು ಆ ಜಗಲಿಯಲ್ಲಿ ನನಗೆ ಗೊತ್ತಾಯಿತು. ಆದರೂ ನಿಯಮ ಬೇಕೆಂದೇ ನನ್ನ ಅಭಿಪ್ರಾಯ. ಎಂಟು ದಿನದ ಅತಿಥಿ ತನಗೆ ಕೇಳಿಸಿದ್ದನ್ನೆಲ್ಲ ಜಿಲ್ಲೆಯ ಸತ್ಯವೆಂದು ಬರೆಯಬಾರದು.

ಮೈಸೂರಿಗೆ ಮರಳಿದ ಮೇಲೆ ಬ್ರಿಟಿಷ್ ಕಾಲದ ಭಾಷಾತಜ್ಞ ಗ್ರಿಯರ್ಸನ್ನರ ಭಾರತೀಯ ಭಾಷಾ ಸಮೀಕ್ಷೆಯ ಮೂರನೆಯ ಸಂಪುಟವನ್ನು ತೆರೆದೆ. ಅದರ ಮೊದಲ ಭಾಗ ಅಚ್ಚಾದದ್ದು 1909ರಲ್ಲಿ. ಹಿಮಾಲಯದ ಒಂದು ಗುಂಪಿನ ಭಾಷೆಗಳಲ್ಲಿ ದೊಡ್ಡ ಸಂಖ್ಯೆಗಳನ್ನು ಇಪ್ಪತ್ತಿಪ್ಪತ್ತಾಗಿ ಎಣಿಸುತ್ತಾರೆಂದು ಅಲ್ಲಿದೆ, ಆ ಗುಂಪಿನಲ್ಲಿ ಅಜ್ಜಿಯ ಮಾತಾದ ಕಿನ್ನೌರಿಯೂ ಇದೆ. ಪುಟವನ್ನು ಎರಡು ಸಲ ಓದಿದೆ. ನಂತರ 'ಭಾಷೆ' ಎಂಬ ಹೊಸ ವಿಭಾಗ ತೆರೆದು ಆ ಸಾಲನ್ನು ಆಧಾರ ಸಹಿತ ಬರೆದೆ. ಕಿನ್ನರರ ಪುರಾಣ ಈಗ ಎರಡು ವಾಕ್ಯಕ್ಕೆ ಇಳಿದಿದೆ. ಕಾಯಿ ಹಿಡಿದ ಆ ಕೈಗಳ ಚಿತ್ರ ವಿಕಿಪೀಡಿಯದ ಚಿತ್ರಗಳ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ನಲ್ಲಿದೆ, ಯಾರು ಬೇಕಾದರೂ ಬಳಸಬಹುದು. ನಾಕೋ ಕಡೆಯ ಹಳ್ಳಿಗಳ ಬಗ್ಗೆ ಬರೆದದ್ದು ಏನೇನೂ ಸಾಲದು. ಅಲ್ಲಿ ಉಳಿದದ್ದು ಒಂದೇ ರಾತ್ರಿ. ಮುಂದಿನ ಜೂನ್‌ನಲ್ಲಿ ಆ ಕಡೆಯಿಂದಲೇ ಶುರು ಮಾಡುತ್ತೇನೆ.