ದಶೈಂಗೆ ಖಾಲಿಯಾದ ಬಾಲಗೃಹ

ಕಠ್ಮಂಡು, 19 ಅಕ್ಟೋಬರ್ 2023, ಗುರುವಾರ

ಬಾಲಗೃಹದಲ್ಲಿ ಇವತ್ತು ಪಾಠವಿಲ್ಲ, ಆಟವಿಲ್ಲ, ಎಲ್ಲಿ ನೋಡಿದರೂ ಗಂಟುಮೂಟೆ. ನಮ್ಮ ನವರಾತ್ರಿಯೇ ಇಲ್ಲಿಯ ದಶೈಂ. ಘಟಸ್ಥಾಪನೆಯ ದಿನ ಬಿತ್ತಿದ ಬಾರ್ಲಿ ಕತ್ತಲೆ ಕೋಣೆಯಲ್ಲಿ ಹಳದಿ ಪೈರಾಗಿ ಬೆಳೆಯುತ್ತದೆ. ಅದಕ್ಕೆ ಜಮರಾ ಎನ್ನುತ್ತಾರೆ. ವಿಜಯದಶಮಿಯಂದು ಮನೆಯ ಹಿರಿಯರು ಅಕ್ಕಿ, ಮೊಸರು, ಕುಂಕುಮ ಕಲಸಿ ಕಿರಿಯರ ಹಣೆಗೆ ಟೀಕಾ ಇಟ್ಟು, ಜಮರಾ ಮುಡಿಸಿ ಹರಸುತ್ತಾರೆ. ಆ ಹಾರೈಕೆಗಾಗಿ ಊರಿಗೆ ಊರೇ ಹೊರಟಿದೆ. ನಗರದ ಕಲಂಕಿ ಎಂಬಲ್ಲಿ ಬಸ್ಸು ಹತ್ತಲು ಜನ ಬೆಳಗಿನ ಜಾವದಿಂದ ಕಾಯುತ್ತಿದ್ದಾರೆ.

ನಮ್ಮ ಮೇಡಂ ಬೇಕೆಂದೇ ಈ ವಾರವನ್ನು ಆರಿಸಿಕೊಂಡಿದ್ದರು. ಸಮಾಜಕಾರ್ಯ ಓದುವ ನಾವು ಗೋರಖ್‌ಪುರದವರೆಗೆ ರೈಲಿನಲ್ಲಿ ಬಂದು, ಸೋನೌಲಿಯಲ್ಲಿ ಗಡಿ ದಾಟಿ, ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಇಲ್ಲಿ ಇಳಿದಾಗ ಅವರು ಹೇಳಿದ್ದು ಇಷ್ಟೇ: "ಹಬ್ಬಕ್ಕೆ ಯಾರು ಮನೆಗೆ ಹೋಗುತ್ತಾರೆ, ಯಾರು ಉಳಿಯುತ್ತಾರೆ ಎಂಬುದನ್ನು ನೋಡಿ ಬರೆದುಕೊಳ್ಳಿ. ಮಿಕ್ಕಿದ್ದನ್ನು ಆಮೇಲೆ ಮಾತಾಡೋಣ."

ಮಧ್ಯಾಹ್ನ ಸಿಂಧುಪಾಲ್‌ಚೋಕ್‌ನಿಂದ ಒಬ್ಬ ತಾಯಿ ಬಂದಳು. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಅತಿ ಹೆಚ್ಚು ಜನ ಸತ್ತ ಜಿಲ್ಲೆ ಅದು. ಮನೆ ಬಿದ್ದಾಗ ಮಗಳಿಗೆ ನಾಲ್ಕು ವರ್ಷವಂತೆ, ಈಗ ಹನ್ನೆರಡು. ಚೀಲದಿಂದ ಹೊಸ ಕುರ್ತಾ ತೆಗೆದು ಅಲ್ಲೇ ಜಗಲಿಯ ಮೇಲೆ ತೊಡಿಸಿದಳು. ತೋಳು ಮಣಿಕಟ್ಟಿಗಿಂತ ಮೇಲೆಯೇ ನಿಂತಿತು. ಹೋದ ದಶೈಂನಲ್ಲಿ ಕಂಡ ಮಗಳ ಅಳತೆಗೆ ತಂದ ಬಟ್ಟೆ ಅದು. ತಾಯಿ ಹೊಲಿಗೆಯನ್ನು ಮಗುಚಿ ನೋಡಿದಳು, ಒಳಗೆ ಮಡಿಕೆ ಇದೆಯೇ, ಬಿಚ್ಚಿದರೆ ಉದ್ದವಾಗುತ್ತದೆಯೇ ಎಂದು ಬೆರಳಿನಿಂದ ತಡಕಿದಳು. ಇರಲಿಲ್ಲ. ಮಗಳು "ಇದೇ ಇರಲಿ ಆಮಾ" ಎಂದು ಅದನ್ನೇ ತೊಟ್ಟು ಹೊರಟಳು.

ಅಪ್ಪ ಎಲ್ಲಿ ಎಂದು ಕೇಳಿದೆ. ಕತಾರ್‌ನಲ್ಲಿ ಕೂಲಿ. ಹಳ್ಳಿಯ ಶಾಲೆಗೆ ಮೇಷ್ಟರು ಸರಿಯಾಗಿ ಬರುವುದಿಲ್ಲ, ಇಲ್ಲಿ ಇಂಗ್ಲಿಷ್ ಶಾಲೆಯಿದೆ, ಊಟವಿದೆ ಎಂದು ಪರಿಚಯದವರು ಹೇಳಿದರಂತೆ, ತಂದು ಬಿಟ್ಟಳಂತೆ. ನನಗೆ ಈ ಮಾತು ಹೊಸದೇನಲ್ಲ. ಕೊಪ್ಪಳದ ಹಳ್ಳಿಯಿಂದ ನನ್ನನ್ನು ಬಿಸಿಎಂ ಹಾಸ್ಟೆಲ್ಲಿಗೆ ಸೇರಿಸಿದಾಗ ನನ್ನ ಅವ್ವ ಹೇಳಿದ್ದೂ ಇದನ್ನೇ.

20 ಅಕ್ಟೋಬರ್, ಶುಕ್ರವಾರ

ನಮಗೆ ಒಪ್ಪಿಸಿರುವ ಕೆಲಸ ಮಕ್ಕಳನ್ನು ಆಡಿಸುವುದಲ್ಲ. ಅಡುಗೆಮನೆಯ ಗೋಡೆಗೆ ಸುಣ್ಣ ಬಳಿಯುವುದು, ಮುರಿದ ಮಂಚಗಳನ್ನು ರಿಪೇರಿ ಮಾಡುವುದು, ಕಚೇರಿಯಲ್ಲಿ ಕಾಗದಪತ್ರಗಳ ಪಟ್ಟಿ ಮಾಡುವುದು. ಕೆಲವು ಗೆಳೆಯರಿಗೆ ಇದರಿಂದ ಬೇಸರವಾಗಿದೆ. ನನಗಂತೂ ಈ ಏರ್ಪಾಡು ಬಹಳ ಸರಿಯೆನಿಸಿತು. ಇಲ್ಲಿಯ ಮಕ್ಕಳು ಪರಿಚಯವಾದ ಕೂಡಲೇ ಕೇಳುವ ಪ್ರಶ್ನೆ, "ದಾಯ್ (ಅಣ್ಣ), ನೀವು ಯಾವಾಗ ಹೋಗುತ್ತೀರಿ?" ಹೆಸರು ಕೇಳುವುದು ಅದಾದ ಮೇಲೆ. ಬಂದವರೆಲ್ಲ ಹೊರಟುಹೋಗುತ್ತಾರೆಂದು ಆರೇಳು ವರ್ಷದ ಮಗು ಆಗಲೇ ಕಲಿತುಬಿಟ್ಟಿದೆ. ನಾವು ಹೋಗಿ ತೊಡೆಯ ಮೇಲೆ ಕೂರಿಸಿಕೊಂಡು, ಚಿತ್ರ ತೆಗೆಸಿಕೊಂಡು, ಅಳಿಸಿ ಹೊರಡುವುದರಿಂದ ಆ ಮಗುವಿಗೆ ಏನು ಸಿಕ್ಕೀತು?

ತರಗತಿಯಲ್ಲಿ ಓದಿದ ಬುಖಾರೆಸ್ಟ್ ಅಧ್ಯಯನ ಇಲ್ಲಿ ಕುಳಿತಾಗ ಬೇರೆಯದೇ ರೀತಿಯಲ್ಲಿ ನೆನಪಾಗುತ್ತಿದೆ. ರುಮೇನಿಯಾದ ಶಿಶುಗೃಹಗಳಲ್ಲಿದ್ದ 136 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದನ್ನು ಸಾಕು ಕುಟುಂಬಗಳಿಗೆ ಕೊಟ್ಟು, ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು. ಕುಟುಂಬಕ್ಕೆ ಹೋದ ಮಕ್ಕಳ ಬುದ್ಧಿಬೆಳವಣಿಗೆ, ನಂಟು ಬೆಸೆಯುವ ಶಕ್ತಿ ಎರಡೂ ಉತ್ತಮಗೊಂಡವು; ಎರಡು ವರ್ಷ ತುಂಬುವ ಮೊದಲೇ ಹೋದವರಲ್ಲಿ ಇನ್ನೂ ಹೆಚ್ಚು. ಸಂಸ್ಥೆಯಲ್ಲಿ ಹಾಲಿತ್ತು, ಹಾಸಿಗೆಯಿತ್ತು. ಇಲ್ಲದಿದ್ದದ್ದು ತನ್ನದೇ ಎನ್ನುವ ಒಬ್ಬ ದೊಡ್ಡವರು.

ಕಡತಗಳ ಕೆಲಸ ಹೀಗೆ: ಇಲ್ಲಿಯ ಸಮಾಜ ಕಾರ್ಯಕರ್ತೆ ಒಂದೊಂದೇ ಕಡತ ತೆರೆದು ಯಾವ ದಾಖಲೆ ಇದೆ, ಯಾವುದು ಇಲ್ಲ ಎನ್ನುತ್ತಾರೆ; ನಾವು ಪಟ್ಟಿಗೆ ಏರಿಸುತ್ತೇವೆ. ಜನನ ನೋಂದಣಿಯೇ ಇಲ್ಲದ ಮಕ್ಕಳು ಹಲವರು. ನೇಪಾಳದಲ್ಲಿ ಹದಿನಾರು ತುಂಬಿದವರು ನಾಗರಿಕತಾ ಪ್ರಮಾಣಪತ್ರ ಪಡೆಯಬೇಕು, ಅದಕ್ಕೆ ತಂದೆ ಅಥವಾ ತಾಯಿಯ ದಾಖಲೆ ಬೇಕು. ಅದು ಸಿಗದಿದ್ದರೆ ಬ್ಯಾಂಕ್ ಖಾತೆ, ಪಾಸ್‌ಪೋರ್ಟ್, ಸರ್ಕಾರಿ ನೌಕರಿ ಎಲ್ಲಕ್ಕೂ ತಡೆ. ಚಿಕ್ಕಂದಿನಲ್ಲಿ ಊರು ಬಿಡಿಸಿದ ಮಗುವಿಗೆ ಈ ಕಷ್ಟ ಎದುರಾಗುವುದು ಹರೆಯಕ್ಕೆ ಬಂದಾಗ, ಆ ಹೊತ್ತಿಗೆ ಕರೆತಂದವರು ಎಲ್ಲಿರುತ್ತಾರೋ.

ಕರೆತಂದವರ ಕಥೆಯನ್ನು ಆ ಕಾರ್ಯಕರ್ತೆಯೇ ಹೇಳಿದರು. 1996ರಿಂದ 2006ರವರೆಗೆ ಮಾವೋವಾದಿ ಯುದ್ಧ ನಡೆದಾಗ ಹುಮ್ಲಾದಂಥ ದೂರದ ಜಿಲ್ಲೆಗಳಲ್ಲಿ ಮನೆಗೊಬ್ಬರಂತೆ ಮಕ್ಕಳನ್ನು ದಳಕ್ಕೆ ಸೇರಿಸಿಕೊಳ್ಳುತ್ತಾರೆಂಬ ಭಯವಿತ್ತು. ದಲ್ಲಾಳಿಗಳು ಬಂದು, ಕಠ್ಮಂಡುವಿನ ಬೋರ್ಡಿಂಗ್ ಶಾಲೆಗೆ ಸೇರಿಸುತ್ತೇವೆ ಎಂದು ಹಣ ಕಿತ್ತುಕೊಂಡು ಮಕ್ಕಳನ್ನು ಕರೆದೊಯ್ದರು. ಹೊಲ ಮಾರಿ ಹಣ ಹೊಂದಿಸಿದ ಅಪ್ಪಂದಿರಿದ್ದರು. ಬದುಕಿರುವ ತಂದೆ ತಾಯಿಯ ಹೆಸರಿಗೆ ಸುಳ್ಳು ಮರಣಪತ್ರ ಹುಟ್ಟಿಸಿ ಮಕ್ಕಳನ್ನು ಅನಾಥರನ್ನಾಗಿ ತೋರಿಸಿದ್ದೂ ಉಂಟು. ಇದನ್ನು ಬರೆಯುವಾಗ ನನ್ನ ಕೈ ಬಿಗಿಯಾಗುತ್ತಿದೆ. ಮಗನನ್ನು ಓದಿಸಲು ಹೊಲ ಮಾರಿದವನನ್ನು ಕಾಗದದ ಮೇಲೆ ಕೊಂದುಬಿಟ್ಟರಲ್ಲ!

21 ಅಕ್ಟೋಬರ್, ಶನಿವಾರ

ನೇಪಾಳಕ್ಕೆ ವಾರದ ರಜೆ ಶನಿವಾರ. ಪಶುಪತಿನಾಥನ ದರ್ಶನವಾಯಿತು. ಇಲ್ಲಿಯ ಪ್ರಧಾನ ಅರ್ಚಕರು ಕರ್ನಾಟಕದ ಕಡೆಯಿಂದ ಬಂದ ಭಟ್ಟರು ಎಂಬುದು ನಮ್ಮವರಿಗೆಲ್ಲ ಹೆಮ್ಮೆಯ ವಿಷಯ. ಸಂಜೆ ಹುಡುಗರು ಗಾಳಿಪಟ ಹಾರಿಸುತ್ತಿದ್ದರು.

22 ಅಕ್ಟೋಬರ್, ಭಾನುವಾರ, ಅಷ್ಟಮಿ

ಬೆಳಿಗ್ಗೆ 7 ಗಂಟೆ 39 ನಿಮಿಷಕ್ಕೆ ನೆಲ ಅದುರಿತು. ನಾನು ಹಲ್ಲುಜ್ಜುತ್ತಿದ್ದೆ. ಮೊದಲು ಬಾಗಿಲ ಚಿಲಕ ಗಲಗಲ ಎಂದಿತು, ಆಮೇಲೆ ನೀರಿನ ಡ್ರಮ್ಮು ತುಳುಕಿತು. ನಾವು ಏನೆಂದು ತಿಳಿಯದೆ ನಿಂತಿದ್ದಾಗಲೇ ಹದಿನಾಲ್ಕು ವರ್ಷದ ಹುಡುಗನೊಬ್ಬ ಎರಡು ಪುಟ್ಟ ಮಕ್ಕಳನ್ನು ಕಂಕುಳಲ್ಲಿ ಅವುಚಿಕೊಂಡು ಅಂಗಳಕ್ಕೆ ಹಾರಿದ್ದ, ನಮ್ಮನ್ನೂ ಕೂಗಿ ಹೊರಗೆ ಕರೆದ. ಮಕ್ಕಳನ್ನು ನೋಡಿಕೊಳ್ಳುವ ದಿದಿ ತಲೆ ಎಣಿಸಿದರು, ಮತ್ತೊಮ್ಮೆ ಎಣಿಸಿದರು. ಕೇಂದ್ರ ಪಕ್ಕದ ಧಾದಿಂಗ್ ಜಿಲ್ಲೆಯಲ್ಲಿ, ತೀವ್ರತೆ 6.1 ಎಂದು ಆಮೇಲೆ ಸುದ್ದಿ ಬಂತು.

ನಾನು ಬರೆಯಬೇಕೆಂದಿರುವುದು ಆನಂತರ ನಡೆದದ್ದನ್ನು. ದಿದಿಯ ಫೋನು ಹೊಡೆದುಕೊಳ್ಳತೊಡಗಿತು. ಒಂದು ಕರೆ ಮುಗಿಯುವುದರೊಳಗೆ ಇನ್ನೊಂದು. ಹುಮ್ಲಾದಿಂದ ಒಬ್ಬ ಅಪ್ಪ. ಜುಮ್ಲಾದಿಂದ ಯಾರದೋ ಚಿಕ್ಕಪ್ಪ. ಮಲೇಷ್ಯಾದಿಂದ ಕೆಲಸದ ಪಾಳಿಯ ನಡುವೆ ಇನ್ನೊಬ್ಬ ಅಪ್ಪ. ದಿದಿ ಪ್ರತಿಯೊಬ್ಬರಿಗೂ "ಠೀಕ್ ಛ, ಠೀಕ್ ಛ" (ಸರಿಯಾಗಿದ್ದಾರೆ) ಎಂದು ಹೇಳಿ, ಮಗುವಿನ ಕೈಗೆ ಫೋನು ಕೊಡುತ್ತಿದ್ದರು. ಮಕ್ಕಳು ಅಂಗಳದಲ್ಲಿ ಸಾಲಾಗಿ ಕುಳಿತು ತಮ್ಮ ಸರದಿಗೆ ಕಾದರು. ಹಬ್ಬಕ್ಕೆ ಮನೆಗೆ ಹೋಗದೆ ಉಳಿದ ಮಕ್ಕಳು ಇವರು. ಯಾರೂ ಇಲ್ಲದವರೆಂದು ನಮ್ಮ ತಂಡದ ಕೆಲವರು ಅಂದುಕೊಂಡಿದ್ದದ್ದು ಇವರನ್ನೇ. ಹುಮ್ಲಾದ ಸಿಮಿಕೋಟ್‌ಗೆ ಹೋಗಬೇಕಾದರೆ ನೇಪಾಲಗಂಜ್‌ನಿಂದ ಪುಟ್ಟ ವಿಮಾನ ಹಿಡಿಯಬೇಕು, ಮೋಡ ಕವಿದರೆ ಅದೂ ಇಲ್ಲ. ಮನೆಯವರಿಗೆ ಮಕ್ಕಳು ಬೇಡವಾಗಿಲ್ಲ, ಟಿಕೆಟ್ಟಿನ ಹಣವಿಲ್ಲ ಅಷ್ಟೇ.

ಸರದಿ ಬಾರದೆ ಉಳಿದವರು ಇಬ್ಬರು. ಅವರಿಗೆ ನಿಜವಾಗಿಯೂ ಯಾರೂ ಇಲ್ಲ. ದಿದಿ ಫೋನನ್ನು ಸೊಂಟಕ್ಕೆ ಸಿಕ್ಕಿಸಿ, ಆ ಇಬ್ಬರನ್ನೂ ಅಡುಗೆಮನೆಗೆ ಕರೆದುಕೊಂಡು ಹೋಗಿ ಹಬ್ಬಕ್ಕೆ ಕರಿಯುವ ಬಳೆಯಾಕಾರದ ಅಕ್ಕಿಹಿಟ್ಟಿನ ತಿಂಡಿ ಸೇಲ್ ರೋಟಿಯ ಹಿಟ್ಟು ಕಲಸಲು ಕೂರಿಸಿದರು.

24 ಅಕ್ಟೋಬರ್, ಮಂಗಳವಾರ, ವಿಜಯದಶಮಿ

ಬೆಳಿಗ್ಗೆ ದಿದಿಯೇ ಎಲ್ಲರಿಗೂ ಟೀಕಾ ಇಟ್ಟರು. ಉಳಿದ ಮಕ್ಕಳಿಗೆ, ಕಾವಲುಗಾರನಿಗೆ, ಆಮೇಲೆ ನಮಗೆ. ನಮ್ಮಲ್ಲೊಬ್ಬಳು ತಾನೂ ಮಕ್ಕಳಿಗೆ ಟೀಕಾ ಇಡಲೇ ಎಂದು ಕೇಳಿದಾಗ ಮೇಡಂ ಮೆಲ್ಲಗೆ ಬೇಡವೆಂದರು. ಅದು ಮನೆಯ ಹಿರಿಯರ ಕೆಲಸ. ಮುಂದಿನ ದಶೈಂಗೂ ಇಲ್ಲೇ ಇರುವವರು ಇಡಬೇಕು.

ರಾತ್ರಿ ತಾರಸಿಯ ಮೇಲೆ ಕುಳಿತು ಮಾತಾಡಿದೆವು. ಮಾತು ಬಿಸಿಯೇರಿತು, ಅದು ಒಳ್ಳೆಯದೇ ಆಯಿತು. ಹಾಸನದ ಗೆಳತಿ ಹೇಳಿದಳು: "ಅಪ್ಪ ಅಮ್ಮ ಇದ್ದರೆ ಏನಾಯಿತು? ಇಲ್ಲಿ ಓದು ಸಿಗುತ್ತಿದೆ, ಹೊಟ್ಟೆ ತುಂಬುತ್ತಿದೆ. ಹಳ್ಳಿಗೆ ಕಳಿಸಿದರೆ ಅದೂ ಹೋಗುತ್ತದೆ." ಅವಳ ಮಾತಿನಲ್ಲಿ ಹುರುಳಿದೆ. ಆದರೆ ಅದನ್ನೇ ಹಿಡಿದು ಮುಂದೆ ಯೋಚಿಸಿದರೆ ಉತ್ತರ ಬೇರೆ ಕಡೆ ಇದೆ ಎನಿಸುತ್ತದೆ ನನಗೆ.

ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಉಂಡು ಓದುತ್ತಾರೆ. ನಮ್ಮ ಸರ್ಕಾರದ ಹಾಸ್ಟೆಲ್ಲುಗಳಲ್ಲಿ, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಲ್ಲಿ ಬಡವರ ಮಕ್ಕಳು ಓದುತ್ತಾರೆ. ಹಾಸ್ಟೆಲ್ಲಿನಲ್ಲಿ ಬೆಳೆದ ನನ್ನನ್ನು ಅನಾಥನೆಂದು ಯಾರೂ ರಿಜಿಸ್ಟರಿನಲ್ಲಿ ಬರೆಯಲಿಲ್ಲ. ದಾಖಲಾತಿ ಅರ್ಜಿಯ ಮೇಲೆ ಅಪ್ಪನ ಹೆಬ್ಬೆಟ್ಟಿತ್ತು. ಅಮಾವಾಸ್ಯೆ, ಹಬ್ಬಗಳಲ್ಲಿ ಊರಿಗೆ ಹೋಗುತ್ತಿದ್ದೆ, ಹೊಲದ ಕೆಲಸಕ್ಕೆ ಕೈ ಹಚ್ಚುತ್ತಿದ್ದೆ. ನನ್ನನ್ನು ನೋಡಲು ಹೊರದೇಶದವರು ಬಂದು, ನಾನು ಕುಣಿದು ತೋರಿಸಿ, ಅವರು ದೇಣಿಗೆ ಕೊಟ್ಟು ಹೋಗುವ ವ್ಯವಸ್ಥೆ ಇರಲಿಲ್ಲ. ಬಡತನ ಅದೇ, ಓದಿನ ಆಸೆ ಅದೇ. ಇಲ್ಲಿ ಅದೇ ಆಸೆಗೆ ಮಗು ತಂದೆ ತಾಯಿಯನ್ನೇ ಬೆಲೆಯಾಗಿ ತೆರಬೇಕಾಗಿದೆ.

ಯುನಿಸೆಫ್ ಕೊಟ್ಟಿರುವ ಲೆಕ್ಕದಂತೆ ನೇಪಾಳದ ಇಂಥ ಗೃಹಗಳ ಮಕ್ಕಳಲ್ಲಿ ನೂರಕ್ಕೆ 85 ಮಂದಿಗೆ ತಂದೆ ತಾಯಿಯರಲ್ಲಿ ಒಬ್ಬರಾದರೂ ಬದುಕಿದ್ದಾರೆ. ದೇಶದಲ್ಲಿ 75 ಜಿಲ್ಲೆಗಳಿದ್ದ ಕಾಲದಲ್ಲಿ ಹತ್ತರಲ್ಲಿ ಒಂಬತ್ತು ಗೃಹಗಳು ಐದೇ ಜಿಲ್ಲೆಗಳಲ್ಲಿದ್ದವು: ಕಠ್ಮಂಡು, ಲಲಿತಪುರ, ಭಕ್ತಪುರ, ಪೋಖರಾ ಇರುವ ಕಾಸ್ಕಿ, ಕಾಡಾನೆ-ಘೇಂಡಾಮೃಗ ನೋಡಲು ಜನ ಹೋಗುವ ಚಿತ್ವನ್. ಐದೂ ಪ್ರವಾಸಿಗರ ಜಿಲ್ಲೆಗಳು. ಅತಿ ಬಡ ಮಕ್ಕಳಿರುವ ಹುಮ್ಲಾ, ಜುಮ್ಲಾ, ಮುಗು ಇವ್ಯಾವುವೂ ಆ ಪಟ್ಟಿಯಲ್ಲಿಲ್ಲ. ಮಕ್ಕಳು ಇರುವಲ್ಲಿಗೆ ಸಂಸ್ಥೆ ಹೋಗಿಲ್ಲ, ದೇಣಿಗೆ ಇರುವಲ್ಲಿಗೆ ಮಕ್ಕಳನ್ನು ತಂದಿದ್ದಾರೆ. 2015ರ ಭೂಕಂಪವಾದ ಮೇಲೆ ಹೀಗೆಯೇ ಆಗಬಹುದೆಂದು ಹೆದರಿ ಸರ್ಕಾರ, ಅನುಮತಿಯಿಲ್ಲದೆ ಮಕ್ಕಳನ್ನು ಜಿಲ್ಲೆಯಿಂದ ಹೊರಗೆ ಕರೆದೊಯ್ಯುವುದನ್ನು ತಡೆಯಿತು, ವಿದೇಶಿ ದತ್ತು ಕೊಡುವುದನ್ನೂ ನಿಲ್ಲಿಸಿತು. ಬಹಳ ಒಳ್ಳೆಯ ಕೆಲಸ ಮಾಡಿತು.

ನಾವಿರುವ ಗೃಹ ಒಳ್ಳೆಯದು, ಮಕ್ಕಳನ್ನು ಮನೆಗೆ ಮರಳಿಸಲು ದುಡಿಯುತ್ತಿದೆ. ಅದಕ್ಕೇ ಮೇಡಂ ಇಲ್ಲಿಗೆ ಕರೆತಂದರು. ಮರಳಿಸುವುದೆಂದರೆ ಬಸ್ಸು ಹತ್ತಿಸಿ ಕೈ ಬೀಸುವುದಲ್ಲ. ಮೊದಲು ಮನೆ ಹುಡುಕಬೇಕು, ಎಷ್ಟೋ ದಿನ ನಡೆದು ಹೋಗಬೇಕು. ತಂದೆ ತಾಯಿಗೆ ಮಗುವಿನ ಭಾಷೆಯೇ ಬದಲಾಗಿರುವುದನ್ನು ಅರ್ಥಮಾಡಿಸಬೇಕು. ಶಾಲೆಗೆ ಸೇರಿಸಿ, ಆಡೋ ಕೋಳಿಯೋ ಕೊಡಿಸಿ, ಮತ್ತೆ ಮತ್ತೆ ಹೋಗಿ ನೋಡಬೇಕು. ಇದರ ಚಿತ್ರ ತೆಗೆದು ಹಾಕಿದರೆ ಯಾರಿಗೂ ಆಕರ್ಷಕವಾಗಿ ಕಾಣುವುದಿಲ್ಲ. ಹಣ ಹರಿದುಬರುವುದೂ ಕಷ್ಟ ಎಂದು ಕಾರ್ಯಕರ್ತೆ ಹೇಳಿದರು.

ನಮ್ಮ ದೇಶದ 2015ರ ಬಾಲನ್ಯಾಯ ಕಾಯ್ದೆಯೂ ಮಗುವನ್ನು ಸಂಸ್ಥೆಗೆ ಸೇರಿಸುವುದು ಕಡೆಯ ದಾರಿ ಎಂದೇ ಹೇಳುತ್ತದೆ. ಮಗುವನ್ನು ಮನೆಯಲ್ಲೇ ಉಳಿಸಿಕೊಳ್ಳಲು ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4000 ರೂಪಾಯಿ ಪ್ರಾಯೋಜಕತ್ವ ಇದೆ. ಇದು ಎಷ್ಟು ಮಂದಿ ವಿಧವೆ ತಾಯಂದಿರಿಗೆ ಗೊತ್ತು? ಹುಟ್ಟುಹಬ್ಬಕ್ಕೆ ಅನಾಥಾಶ್ರಮದಲ್ಲಿ ಊಟ ಹಾಕಿಸುವ ನಮ್ಮ ಬಂಧುಗಳಲ್ಲಿ ಎಷ್ಟು ಮಂದಿಗೆ ಗೊತ್ತು? ಊರಿಗೆ ಹೋದ ಮೇಲೆ ನನ್ನ ಕ್ಷೇತ್ರಕಾರ್ಯಕ್ಕೆ ಇದನ್ನೇ ತೆಗೆದುಕೊಳ್ಳುತ್ತೇನೆ. ಅರ್ಜಿ ತುಂಬಿಸುವುದು, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅಲೆಯುವುದು, ಹಣ ಬರುವವರೆಗೆ ಬಿಡದಿರುವುದು. ಹಾಸನದ ಗೆಳತಿಯೂ ಜೊತೆಗೆ ಬರುತ್ತೇನೆಂದಳು, ಆದರೆ ತನ್ನ ವಾದ ಬಿಟ್ಟಿಲ್ಲ: ಶಾಲೆ ಮೊದಲು, ಮನೆಗೆ ಮರಳುವುದು ಆಮೇಲೆ ಎನ್ನುತ್ತಾಳೆ. ಎರಡೂ ಒಟ್ಟಿಗೆ ಆಗಬೇಕು ಎನ್ನುತ್ತೇನೆ ನಾನು.

ಕೊನೆಗೆ ನಮ್ಮ ಖರ್ಚಿನ ಹಣದಲ್ಲಿ ಉಳಿದದ್ದನ್ನು ಏನು ಮಾಡುವುದೆಂಬ ಮಾತು ಬಂತು. ಆಟಿಕೆ, ಕಂಬಳಿ, ಒಂದು ದೊಡ್ಡ ಟಿವಿ ಎಂಬ ಸಲಹೆಗಳಿದ್ದವು. ದಿದಿಯನ್ನೇ ಕರೆದು ಕೇಳಿದೆವು. ಅವರು ಒಂದು ಕ್ಷಣವೂ ಯೋಚಿಸದೆ ಹುಮ್ಲಾದ ಮಕ್ಕಳ ಹೆಸರು ಹೇಳಿದರು. ಮುಂದಿನ ತಿಂಗಳು ತಿಹಾರ್. ಅಕ್ಕತಂಗಿಯರು ಅಣ್ಣತಮ್ಮಂದಿರ ಹಣೆಗೆ ಟೀಕಾ ಇಡುವ ಹಬ್ಬ. ಆ ಮಕ್ಕಳಲ್ಲಿ ಒಬ್ಬನಿಗೆ ಸಿಮಿಕೋಟ್‌ನ ಆಚೆಯ ಹಳ್ಳಿಯಲ್ಲಿ ಅಕ್ಕ ಇದ್ದಾಳಂತೆ. ಹಣ ನೇಪಾಲಗಂಜ್‌ನಿಂದ ಮುಂದಿನ ವಿಮಾನದ ಟಿಕೆಟ್ಟಿಗೆ, ಒಬ್ಬ ಹುಡುಗನಿಗೆ ಮತ್ತು ಅವನ ಜೊತೆ ಹೋಗುವ ಕಾರ್ಯಕರ್ತೆಗೆ ಎಂದು ತೀರ್ಮಾನವಾಯಿತು. ನಾಳೆ ಬೆಳಿಗ್ಗೆ ಕಚೇರಿ ತೆರೆದ ಕೂಡಲೇ ರಶೀದಿ ಹಾಕಿಸಬೇಕು, ಬಸ್ಸು ಹತ್ತು ಗಂಟೆಗೆ.