ಗುಂಡು, ಮರದ ದಿಮ್ಮಿ ಮತ್ತು ನನ್ನ ತಪ್ಪು ಲೆಕ್ಕ

14 ಸೆಪ್ಟೆಂಬರ್ 2024, ಶನಿವಾರ

ಇವತ್ತು ಅಕ್ಕನ ಮಗಳ ಮುಂದೆ ಮರ್ಯಾದೆ ಹೋಯಿತು. ಅವಳು ತಂದ ಲೆಕ್ಕ ಇದು. ದಾರದಲ್ಲಿ ನೇತು ಹಾಕಿದ 2 ಕೆಜಿ ಮರದ ದಿಮ್ಮಿ. 10 ಗ್ರಾಂ ಗುಂಡು ಬಂದು ಬಡಿದು ಒಳಗೇ ಸಿಕ್ಕಿಕೊಳ್ಳುತ್ತದೆ. ದಿಮ್ಮಿ ತೂಗಿ 5 ಸೆಂಟಿಮೀಟರ್ ಮೇಲೇರುತ್ತದೆ. ಗುಂಡಿನ ವೇಗ ಎಷ್ಟು?

ಶಕ್ತಿ ಎಲ್ಲಿಗೂ ಹೋಗಲ್ಲ ಅಲ್ವಾ ಅಂತ, ಗುಂಡಿನ ಚಲನಶಕ್ತಿಯನ್ನೂ ಮೇಲೇರಿದ ದಿಮ್ಮಿಯ ಶಕ್ತಿಯನ್ನೂ ನೇರ ಸಮ ಮಾಡಿಬಿಟ್ಟೆ. ಸೆಕೆಂಡಿಗೆ 14 ಮೀಟರ್ ಬಂತು.

"ಮಾಮ, ಇದು ಗುಂಡಾ, ಕೈಯಲ್ಲಿ ಎಸೆದ ಕಲ್ಲಾ?"

ಸುಮ್ನೆ ಪೆನ್ನು ಕೆಳಗಿಟ್ಟೆ.

ಈ ಲೆಕ್ಕದಲ್ಲಿ ಎರಡು ಘಟನೆಗಳಿವೆ. ಮೊದಲು ಡಿಕ್ಕಿ, ಆಮೇಲೆ ತೂಗಾಟ. ಡಿಕ್ಕಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ, ಅಷ್ಟರಲ್ಲಿ ದಾರ ಅಡ್ಡಕ್ಕೆ ಎಳೆಯುವುದೇ ಇಲ್ಲ. ಹಾಗಾಗಿ ಅಲ್ಲಿ ಸಂವೇಗ, ಅಂದರೆ ತೂಕವನ್ನು ವೇಗದಿಂದ ಗುಣಿಸಿದ್ದು, ಉಳಿಯುತ್ತದೆ. ಆದರೆ ಗುಂಡು ಮರವನ್ನು ಸೀಳುತ್ತದೆ, ಬಿಸಿ ಮಾಡುತ್ತದೆ, ಆದ್ದರಿಂದ ಚಲನಶಕ್ತಿ ಉಳಿಯಲ್ಲ. ತೂಗಾಟದಲ್ಲಿ ಇದೆಲ್ಲ ತಿರುಗುಮುರುಗು. ದಿಮ್ಮಿ ನಿಧಾನವಾಗಿ ನಿಲ್ಲುತ್ತದೆ ಅಂದ ಮೇಲೆ ಸಂವೇಗ ಎಲ್ಲಿ ಉಳಿಯಿತು? ಅಲ್ಲಿ ಶಕ್ತಿಯ ಲೆಕ್ಕ ಹಿಡಿಯಬೇಕು.

ಹಿಂದಿನಿಂದ ಶುರು ಮಾಡಿದೆವು. 5 ಸೆಂಟಿಮೀಟರ್ ಏರಬೇಕಾದರೆ ದಿಮ್ಮಿ ಸೆಕೆಂಡಿಗೆ 0.99 ಮೀಟರ್ ವೇಗದಲ್ಲಿ ಹೊರಟಿರಬೇಕು. ಗುಂಡು ಸೇರಿದ ದಿಮ್ಮಿಯ ತೂಕ ಗುಂಡಿನ 201 ಪಟ್ಟು. ಡಿಕ್ಕಿಯಲ್ಲಿ ಸಂವೇಗ ಉಳಿಯಬೇಕಾದರೆ ಗುಂಡಿನ ವೇಗವೂ 0.99ರ 201 ಪಟ್ಟು ಇರಬೇಕು. ಗುಣಿಸಿದರೆ ಸೆಕೆಂಡಿಗೆ ಸುಮಾರು 199 ಮೀಟರ್. ಈಗ ಸರಿ! 1742ರಲ್ಲೇ ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್ ಈ ಉಪಾಯ ವಿವರಿಸಿದ್ದ. ಆ ಕಾಲದಲ್ಲಿ ಗುಂಡಿನ ವೇಗ ಅಳೆಯುವುದು ಅಂದರೆ ಹುಡುಗಾಟವಲ್ಲ.

ನನಗೆ ಆಶ್ಚರ್ಯ ಆಗಿದ್ದು ಶಕ್ತಿಯ ಲೆಕ್ಕ ನೋಡಿ. ಗುಂಡು ತಂದಿದ್ದು ಸುಮಾರು 198 ಜೌಲ್. ದಿಮ್ಮಿ ಎತ್ತಲು ಬಳಕೆಯಾಗಿದ್ದು ಒಂದು ಜೌಲೂ ಪೂರ್ತಿ ಇಲ್ಲ. ಮಿಕ್ಕಿದ್ದೆಲ್ಲ ಮರದೊಳಗೇ ಕರಗಿತು.

"ಹಾಗಾದರೆ ಸಂವೇಗ ಯಾಕೆ ಹಾಗೆ ಕರಗಿಹೋಗಲ್ಲ?" ಅಂದಳು. ಒಳ್ಳೆಯ ಪ್ರಶ್ನೆ. ಬಿಸಿ ಅಂದರೆ ಕಣಗಳ ಗಡಿಬಿಡಿ ಓಡಾಟ. ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ. ಶಕ್ತಿಗೆ ದಿಕ್ಕಿಲ್ಲ, ಹಾಗಾಗಿ ಆ ಗಲಾಟೆಯಲ್ಲಿ ಎಷ್ಟು ಬೇಕಾದರೂ ಅಡಗಿಕೊಳ್ಳಬಹುದು. ಸಂವೇಗಕ್ಕೆ ದಿಕ್ಕಿದೆ. ಎಡ ಬಲ ಒಂದನ್ನೊಂದು ಹೊಡೆದುಹಾಕಿ ಸೊನ್ನೆಯಾಗುತ್ತವೆ, ಗುಂಡು ತಂದ ಸಂವೇಗ ಮಾತ್ರ ಇಡೀ ದಿಮ್ಮಿಯ ಓಟದಲ್ಲೇ ಕಾಣಬೇಕು.

ಮಲಗುವ ಮುಂಚೆ ಇನ್ನೊಂದು ಕೇಳಿದೆ. ಅದೇ ಗುಂಡು ಸಿಕ್ಕಿಕೊಳ್ಳದೆ ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ವಾಪಸ್ ಪುಟಿದರೆ? "ಕಮ್ಮಿ ಏರುತ್ತೆ" ಅಂತ ಥಟ್ಟನೆ ಹೇಳಿದಳು. ಅರ್ಧ ಗಂಟೆ ಬಿಟ್ಟು ಕಾಗದ ಹಿಡಿದುಕೊಂಡು ಬಂದಳು: 11 ಸೆಂಟಿಮೀಟರ್. "ಮಾಮ, ಇದು ತಪ್ಪಿರಬೇಕು" ಅಂದಳು. ತಪ್ಪಿರಲಿಲ್ಲ.